54 ಗೋಲಿನ ಹೈಮನ್, 12 ಪಾಯಿಂಟಿನ ಬ್ರೌನ್: ಎಡ್ಮಂಟನ್ ಆಯಿಲರ್ಸ್ ಆಟಗಾರರನ್ನು ತೂಗುವ ಬಗೆ

2023ರ ನವೆಂಬರ್ 12ರಂದು ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಎಡ್ಮಂಟನ್ ಆಯಿಲರ್ಸ್ ತಂಡ ತನ್ನ ಕೋಚ್ ಜೇ ವುಡ್‌ಕ್ರಾಫ್ಟ್ ಅವರನ್ನು ಮನೆಗೆ ಕಳಿಸಿತು. ಆಗ 13 ಪಂದ್ಯ ಮುಗಿದಿದ್ದವು. ಗೆದ್ದದ್ದು 3, ಸೋತದ್ದು 9, ಇನ್ನೊಂದು ಹೆಚ್ಚುವರಿ ಅವಧಿಯಲ್ಲಿ ಕೈತಪ್ಪಿದ್ದು. ಹೊಸ ಕೋಚ್ ಕ್ರಿಸ್ ಕ್ನಾಬ್ಲಾಕ್ ಬಂದರು. ಹೆಚ್ಚೂಕಡಿಮೆ ಅದೇ ಆಟಗಾರರು ಡಿಸೆಂಬರ್ 21ರಿಂದ ಜನವರಿ 27ರವರೆಗೆ ಸತತ 16 ಪಂದ್ಯ ಗೆದ್ದರು. ಇನ್ನೊಂದು ಗೆದ್ದಿದ್ದರೆ 1992-93ರ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ದಾಖಲೆ ಸಮ ಆಗುತ್ತಿತ್ತು. 2024ರ ಜೂನ್ 24ರಂದು ಲೀಗ್‌ನ ಪ್ರಶಸ್ತಿಯಾದ ಸ್ಟಾನ್ಲಿ ಕಪ್‌ನ ಫೈನಲ್‌ನ ಏಳನೇ ಪಂದ್ಯದಲ್ಲಿ ಫ್ಲಾರಿಡಾ ಪ್ಯಾಂಥರ್ಸ್ ಎದುರು 2-1ರಿಂದ ಸೋಲುವವರೆಗೂ ಅವರ ಓಟ ನಿಲ್ಲಲಿಲ್ಲ.

ನವೆಂಬರ್‌ನಲ್ಲಿ ದಂಡಪಿಂಡಗಳು ಎನಿಸಿಕೊಂಡವರು ಜನವರಿಯಲ್ಲಿ ಕಲಿಗಳಾದದ್ದು ಹೇಗೆ? ಆಟ ಅಷ್ಟೊಂದು ಬದಲಾಗಿರಲೇ ಇಲ್ಲ. ಬದಲಾದದ್ದು ಮುಖ್ಯವಾಗಿ ಫಲಿತಾಂಶ. ಐಸ್ ಹಾಕಿ ಆಟಗಾರನನ್ನು ಅಳೆಯ ಹೊರಟವರು ಮೊದಲು ಎಡವುವುದೇ ಈ ಎರಡರ ನಡುವಿನ ಸಂದಿಯಲ್ಲಿ. ಆ ಒಂದು ಋತುವಿನ ಆಯಿಲರ್ಸ್ ತಂಡವನ್ನೇ ಮುಂದಿಟ್ಟುಕೊಂಡರೆ ಅಳತೆಯ ಬಹುಪಾಲು ಪಾಠ ಅದರಲ್ಲೇ ಸಿಗುತ್ತದೆ.

ಹುಲ್ಲಿನ ಅಥವಾ ಟರ್ಫಿನ ಹಾಕಿ ನೋಡಿ ಬೆಳೆದವರಿಗೆ ಒಂದೆರಡು ಮಾತು ಮೊದಲೇ ಹೇಳಿಬಿಡಬೇಕು. ಎನ್‌ಎಚ್‌ಎಲ್ ಅಂಕಣ 200 ಅಡಿ ಉದ್ದ, 85 ಅಡಿ ಅಗಲ. ಸುತ್ತಲೂ ಗೋಡೆ ಇರುವುದರಿಂದ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಸುಲಭಕ್ಕೆ ಹೊರಹೋಗುವುದಿಲ್ಲ, ಆಟ ನಿಲ್ಲುವುದೂ ಕಡಿಮೆ. ಒಂದು ಹೊತ್ತಿಗೆ ಐವರು ಆಟಗಾರರು ಮತ್ತು ಒಬ್ಬ ಗೋಲಿ, ಅಂದರೆ ಗೋಲು ಕಾಯುವವನು. ಪಂದ್ಯಕ್ಕೆ ಸಜ್ಜಾಗುವವರು 20 ಮಂದಿ: ಸಾಮಾನ್ಯವಾಗಿ 12 ಫಾರ್ವರ್ಡ್, 6 ಡಿಫೆನ್ಸ್, 2 ಗೋಲಿ. ಫಾರ್ವರ್ಡ್‌ಗಳು ಮೂರು ಮೂರು ಜನರ ನಾಲ್ಕು ಲೈನ್‌ಗಳಾಗಿ, ಡಿಫೆನ್ಸ್‌ನವರು ಇಬ್ಬಿಬ್ಬರ ಮೂರು ಜೋಡಿಯಾಗಿ ಸರದಿಯಲ್ಲಿ ಇಳಿಯುತ್ತಾರೆ. ಒಂದು ಸರದಿ, ಅಂದರೆ ಶಿಫ್ಟ್, 40-50 ಸೆಕೆಂಡು. ಅದಕ್ಕಿಂತ ಹೆಚ್ಚಾದರೆ ಕಾಲು ಸೋಲುತ್ತದೆ. ಯಾರು ಯಾರ ಜೊತೆಗೆ ಇಳಿದರು, ಯಾರ ಎದುರು ಇಳಿದರು ಎಂಬುದು ಆಟಗಾರನ ಅಂಕಿಗಳನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಬ್ಯಾಟ್ಸ್‌ಮನ್ ಸರಾಸರಿ ನೋಡಿದ ಹಾಗೆ ಇಲ್ಲಿ ಒಂದೇ ಅಂಕಿ ಹಿಡಿದು ಕೂರಲಾಗುವುದಿಲ್ಲ.

ಪಾಯಿಂಟ್ ಎಣಿಸುವುದಕ್ಕೆ ಮೊದಲು ಎಲ್ಲಿಂದ ಬಂತು ಎಂದು ಕೇಳಿ

ಆಟಗಾರನ ಪಾಯಿಂಟ್ ಎಂದರೆ ಅವನ ಗೋಲು ಮತ್ತು ಅಸಿಸ್ಟ್ ಸೇರಿದ ಮೊತ್ತ. ಒಂದು ಗೋಲಿಗೆ ಎರಡು ಅಸಿಸ್ಟ್‌ವರೆಗೆ ಕೊಡುತ್ತಾರೆ. ಕೊನೆಯ ಪಾಸ್ ಕೊಟ್ಟವನಿಗೆ ಒಂದು, ಅದಕ್ಕೂ ಹಿಂದೆ ಪಕ್ ಮುಟ್ಟಿಸಿದವನಿಗೆ ಇನ್ನೊಂದು. ಎರಡನೆಯದರಲ್ಲಿ ಅದೃಷ್ಟದ ಪಾಲು ಹೆಚ್ಚು. ತನ್ನ ಗೋಲಿನ ಹಿಂದೆ ಸುಮ್ಮನೆ ಜೊತೆಗಾರನಿಗೆ ಪಕ್ ತಳ್ಳಿ, ಅವನು ಇಡೀ ಅಂಕಣ ದಾಟಿ ಗೋಲು ಮಾಡಿಸಿದರೂ ತಳ್ಳಿದವನ ಖಾತೆಗೆ ಒಂದು ಬೀಳುತ್ತದೆ. ಹಾಗಾಗಿ ಗೋಲು ಮತ್ತು ಮೊದಲ ಅಸಿಸ್ಟ್ ಮಾತ್ರ ಕೂಡಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಅದಕ್ಕಿಂತ ದೊಡ್ಡ ಪ್ರಶ್ನೆ ಪವರ್ ಪ್ಲೇಯದು. ಎದುರಾಳಿಯೊಬ್ಬ ತಪ್ಪು ಮಾಡಿ 2 ನಿಮಿಷ ಪೆನಾಲ್ಟಿ ಪೆಟ್ಟಿಗೆಯಲ್ಲಿ ಕೂತಾಗ ಐವರು ನಾಲ್ವರ ಮೇಲೆ ಆಡುತ್ತಾರೆ. 2022-23ರಲ್ಲಿ ಆಯಿಲರ್ಸ್ ಇಂಥ ಅವಕಾಶಗಳಲ್ಲಿ ಶೇ 32.4ರಷ್ಟನ್ನು ಗೋಲಾಗಿಸಿತು. ಲೀಗ್ ಈ ಲೆಕ್ಕ ಇಡಲು ಶುರುಮಾಡಿದ ಮೇಲೆ ಅದಕ್ಕಿಂತ ಚೆನ್ನಾದ ಪವರ್ ಪ್ಲೇ ಬಂದಿರಲಿಲ್ಲ. ಲಿಯಾನ್ ಡ್ರೈಸೈಟಲ್ ಒಬ್ಬರೇ ಅದರಲ್ಲಿ 32 ಗೋಲು ಹೊಡೆದರು.

ಈಗ ರಯಾನ್ ನ್ಯೂಜೆಂಟ್-ಹಾಪ್ಕಿನ್ಸ್ ಅವರನ್ನು ನೋಡಿ. ತಂಡಗಳು ಹೊಸ ಹುಡುಗರನ್ನು ಸರದಿಯಲ್ಲಿ ಆಯ್ದುಕೊಳ್ಳುವ ಡ್ರಾಫ್ಟ್‌ನಲ್ಲಿ, 2011ರ ಮೊದಲ ಆಯ್ಕೆ. ಅದುವರೆಗಿನ ಅವರ ಅತ್ಯುತ್ತಮ ಋತು 69 ಪಾಯಿಂಟಿನದು. 2022-23ರಲ್ಲಿ ಇದ್ದಕ್ಕಿದ್ದಂತೆ 104. ಮರುವರ್ಷ ಮತ್ತೆ 67. ಕೈಚಳಕ ಒಂದೇ ವರ್ಷ ಬಂದು ಹೋಯಿತೇ? ಆ 104ರಲ್ಲಿ 53 ಪವರ್ ಪ್ಲೇಯಲ್ಲಿ ಬಂದವು. ಆ ಐವರಲ್ಲಿ ಇವರೂ ಒಬ್ಬರಾದ್ದರಿಂದ ಪವರ್ ಪ್ಲೇ ಉಕ್ಕಿದಾಗ ಇವರ ಪಾಯಿಂಟೂ ಉಕ್ಕಿತು. ಮರುವರ್ಷ ತಂಡದ ಪವರ್ ಪ್ಲೇ ಶೇ 26ರ ಆಸುಪಾಸಿಗೆ ಇಳಿಯಿತು. ಗೋಲು 37ರಿಂದ 18ಕ್ಕೆ ಬಿತ್ತು. ಆಟಗಾರ ಮಾತ್ರ ಅವರೇ, ಪೆನಾಲ್ಟಿ ಕಿಲ್‌ನಲ್ಲೂ (ತಮ್ಮ ಕಡೆ ಒಬ್ಬ ಕಡಿಮೆಯಿದ್ದಾಗ ಗೋಲು ತಡೆಯುವ ಕೆಲಸ) ಇಳಿಯುವ, ಸೆಂಟರ್ ಆಗಿಯೂ ವಿಂಗ್‌ನಲ್ಲಿಯೂ ಒಗ್ಗಿಕೊಳ್ಳುವ ಆಟಗಾರ. 104 ನೋಡಿ ಅವರನ್ನು ಸೂಪರ್‌ಸ್ಟಾರ್ ಎಂದವರೂ 67 ನೋಡಿ ಮುಗಿದುಹೋದರು ಎಂದವರೂ ಒಂದೇ ತಪ್ಪು ಮಾಡಿದರು.

ಇದಕ್ಕೆ ಮದ್ದು ಸರಳ. ಐವರಿಗೆ ಐವರು ಇದ್ದಾಗಿನ ಪಾಯಿಂಟುಗಳನ್ನು ಬೇರೆ ತೆಗೆಯಿರಿ. ಆ ಸ್ಥಿತಿಯಲ್ಲಿ ಅವನು ಆಡಿದ ಒಟ್ಟು ನಿಮಿಷಗಳಿಂದ ಭಾಗಿಸಿ 60ರಿಂದ ಗುಣಿಸಿ. 900 ನಿಮಿಷದಲ್ಲಿ 30 ಪಾಯಿಂಟ್ ಮಾಡಿದವನಿಗೆ ಗಂಟೆಗೆ 2.0 ಬರುತ್ತದೆ. ಅದು ಮೊದಲ ಲೈನ್‌ಗೆ ಒಪ್ಪುವ ಲೆಕ್ಕ. 1.0ಕ್ಕಿಂತ ಕೆಳಗಿದ್ದರೆ ಅವನು ಗೋಲು ತಡೆಯುವುದಕ್ಕೋ ಪೆನಾಲ್ಟಿ ಕಿಲ್‌ಗೋ ತಂಡದಲ್ಲಿರಬೇಕು, ಇಲ್ಲದಿದ್ದರೆ ಅವನ ಜಾಗದ ಬಗ್ಗೆ ಪ್ರಶ್ನೆ ಏಳುತ್ತದೆ. ಹತ್ತು ಪಂದ್ಯದ ಮೇಲೆ ಈ ಲೆಕ್ಕ ಹಾಕಲು ಹೋಗಬೇಡಿ. ಒಂದು ಅದೃಷ್ಟದ ವಾರ ಸಾಕು ಅದನ್ನು ಕೆಡಿಸಲು.

ಹೈಮನ್ ಮತ್ತು ಗೋಲಿನ ಬಾಗಿಲು

ಜಾಕ್ ಹೈಮನ್ 2023-24ರಲ್ಲಿ 80 ಪಂದ್ಯಗಳಲ್ಲಿ 54 ಗೋಲು ಹೊಡೆದರು. ಪ್ಲೇಆಫ್‌ನಲ್ಲಿ, ಅಂದರೆ ಋತುವಿನ ಬಳಿಕದ ನಾಕೌಟ್ ಸರಣಿಗಳಲ್ಲಿ, ಇನ್ನೂ 16. ಮರುವರ್ಷ 73 ಪಂದ್ಯಗಳಲ್ಲಿ 27. ಅರ್ಧಕ್ಕೆ ಅರ್ಧ.

ಹೈಮನ್ ದೂರದಿಂದ ಬಂದೂಕು ಹಾರಿಸುವವರಲ್ಲ. ಅವರ ಕೆಲಸದ ಜಾಗ ಗೋಲಿಯ ಮೂಗಿನ ಮುಂದಿನ ನಾಲ್ಕೈದು ಅಡಿ. ಅಲ್ಲಿ ಮೂರು ಕೆಲಸ ಏಕಕಾಲಕ್ಕೆ ನಡೆಯುತ್ತವೆ. ಮೈ ಅಡ್ಡ ಹಾಕಿ ಗೋಲಿಗೆ ಪಕ್ ಕಾಣದಂತೆ ಮಾಡುವುದು. ದೂರದಿಂದ ಬರುವ ಹೊಡೆತಕ್ಕೆ ಸ್ಟಿಕ್ ತಾಗಿಸಿ ದಿಕ್ಕು ತಪ್ಪಿಸುವುದು. ಗೋಲಿಯ ಪ್ಯಾಡಿಗೆ ಬಡಿದು ವಾಪಸು ಬಂದದ್ದನ್ನು ಒಳಗೆ ತಳ್ಳುವುದು. ಇದೆಲ್ಲ ನಡೆಯುವಾಗ ಬೆನ್ನಿಗೆ ಎದುರಾಳಿ ಡಿಫೆನ್ಸ್‌ನವನ ಸ್ಟಿಕ್ ಕುಟ್ಟುತ್ತಲೇ ಇರುತ್ತದೆ. ಇಂಥ ಗೋಲುಗಳನ್ನು ಕಸ ಹೆಕ್ಕುವುದು ಎಂದು ಹೀಗಳೆಯುವವರಿದ್ದಾರೆ. ಆ ಜಾಗದಲ್ಲಿ ಒಂದು ಋತುವಿಡೀ ನಿಂತು ಮೂಳೆ ಉಳಿಸಿಕೊಳ್ಳುವುದು ಸಣ್ಣ ಮಾತೇನಲ್ಲ.

ಆ ವರ್ಷ ಹೈಮನ್ ಗುರಿಗೆ ಹೊಡೆದದ್ದು 290 ಬಾರಿ. ಶೇ 18.6 ಗೋಲಾದವು. ಲೀಗ್‌ನಲ್ಲಿ ಎಲ್ಲ ಆಟಗಾರರನ್ನೂ ಸೇರಿಸಿದರೆ ಗುರಿಗೆ ಹೋದ ಹತ್ತರಲ್ಲಿ ಒಂದು ಗೋಲಾಗುತ್ತದೆ. ಗೋಲಿನ ಬಾಯಲ್ಲೇ ನಿಲ್ಲುವವನಿಗೆ ಅದಕ್ಕಿಂತ ಹೆಚ್ಚು ಸಿಗಬೇಕಾದ್ದೇ. ಆದರೂ ಶೇ 18ರ ಮೇಲಿನ ಲೆಕ್ಕ ವರ್ಷ ವರ್ಷವೂ ನಿಲ್ಲುವುದಿಲ್ಲ. ಹೀಗಾಗಿ ಗೋಲುಗಳ ಏರಿಳಿತ ಕಂಡಾಗ ಮೊದಲು ಗುರಿಗೆ ಹೋದ ಹೊಡೆತಗಳ ಸಂಖ್ಯೆ ನೋಡಬೇಕು. ಹೊಡೆತ ಅಷ್ಟೇ ಇದ್ದು ಗೋಲು ಇಳಿದಿದ್ದರೆ ಕಾಯಬಹುದು. ಹೊಡೆತವೇ ಇಳಿದಿದ್ದರೆ ಆಟಗಾರ ಆ ಜಾಗ ತಲುಪುತ್ತಿಲ್ಲ ಎಂದರ್ಥ. ಗಾಯ, ವಯಸ್ಸು, ಬೇರೆ ಲೈನ್, ಯಾವುದು ಕಾರಣ ಎಂದು ಆಗ ಹುಡುಕಬೇಕು. ಇಷ್ಟೆಲ್ಲದರ ನಡುವೆ ಹೈಮನ್ ಅವರ ಸಂಬಳ ವರ್ಷಕ್ಕೆ 55 ಲಕ್ಷ ಡಾಲರ್ ಎಂಬುದನ್ನೂ ಮರೆಯಬಾರದು. 27 ಗೋಲಿಗೂ ಆ ದುಡ್ಡು ತೀರಾ ದುಬಾರಿಯಲ್ಲ.

ಪ್ಲಸ್-ಮೈನಸ್ ಎಂಬ ಹಳೇ ತಕ್ಕಡಿ

ನೀವು ಅಂಕಣದಲ್ಲಿದ್ದಾಗ ನಿಮ್ಮ ತಂಡ ಗೋಲು ಹೊಡೆದರೆ +1, ಬಿಟ್ಟುಕೊಟ್ಟರೆ -1. ಪವರ್ ಪ್ಲೇಯಲ್ಲಿ ಹೊಡೆದ ಗೋಲು ಇದರಲ್ಲಿ ಸೇರುವುದಿಲ್ಲ. ಆದರೆ ಪವರ್ ಪ್ಲೇ ಆಡುತ್ತಿದ್ದಾಗಲೇ ಒಬ್ಬ ಕಡಿಮೆಯಿರುವ ಎದುರಾಳಿ ಗೋಲು ಹೊಡೆದುಬಿಟ್ಟರೆ ನಿಮಗೆ ಮೈನಸ್ ಬೀಳುತ್ತದೆ. ಪಂದ್ಯ ಕೈಬಿಡುವ ಹೊತ್ತಿಗೆ ಗೋಲಿಯನ್ನು ಹೊರಗೆ ಕರೆದು ಆರನೆಯವನನ್ನು ಇಳಿಸುತ್ತಾರಲ್ಲ, ಆಗ ಖಾಲಿ ಗೋಲಿಗೆ ಎದುರಾಳಿ ಪಕ್ ಹಾಕಿದರೂ ಮೈನಸ್. ಅಂಥ ಹೊತ್ತಿನಲ್ಲಿ ಇಳಿಯುವವರು ತಂಡದ ಅತ್ಯುತ್ತಮರೇ. ಒಳ್ಳೆಯ ಆಟಗಾರನಾದ ತಪ್ಪಿಗೆ ದಂಡ ಕಟ್ಟಿದ ಹಾಗೆ.

ಡಿಫೆನ್ಸ್‌ನ ಮತಿಯಾಸ್ ಎಕ್‌ಹೋಮ್ 2023-24ರ ಋತುವನ್ನು +44ರಲ್ಲಿ, ಅವರ ಜೊತೆಗಾರ ಇವಾನ್ ಬೂಶಾರ್ಡ್ +34ರಲ್ಲಿ ಮುಗಿಸಿದರು. ಇಬ್ಬರೂ ಅದಕ್ಕೆ ಅರ್ಹರೇ. ಆದರೆ ಈ ಜೋಡಿ ತಂಡದ ದೊಡ್ಡ ತಾರೆ ಕಾನರ್ ಮೆಕ್‌ಡೇವಿಡ್ ಲೈನ್‌ನ ಹಿಂದೆ ಹೆಚ್ಚು ಆಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆ ಅಂಕಿ ಓದಿದರೆ ಉಳಿದ ಡಿಫೆನ್ಸ್‌ನವರಿಗೆ ಅನ್ಯಾಯ.

ಗೋಲು ಅಪರೂಪ, ಪಂದ್ಯಕ್ಕೆ ಎರಡೂ ಕಡೆ ಸೇರಿ ಆರರ ಸುಮಾರು. ಅಷ್ಟು ಕಡಿಮೆ ಘಟನೆಗಳಿಂದ ಒಬ್ಬನನ್ನು ಅಳೆಯುವುದು ಕಷ್ಟ ಎಂದೇ ಹೊಡೆತಗಳ ಎಣಿಕೆ ಹುಟ್ಟಿತು. ಗುರಿಗೆ ಹೋದದ್ದು, ಗುರಿ ತಪ್ಪಿದ್ದು, ಮಧ್ಯೆ ತಡೆದದ್ದು ಎಲ್ಲವನ್ನೂ ಕೂಡಿಸಿ, ಆಟಗಾರ ಅಂಕಣದಲ್ಲಿದ್ದಾಗ ನಮ್ಮ ಪಾಲೆಷ್ಟು ಎಂದು ನೋಡುವ ಲೆಕ್ಕಕ್ಕೆ ಕಾರ್ಸಿ ಎಂದು ಹೆಸರು. ಬಫಲೋ ಸೇಬರ್ಸ್ ತಂಡದ ಗೋಲಿ ಕೋಚ್ ಆಗಿದ್ದ ಜಿಮ್ ಕಾರ್ಸಿ ಹೆಸರು ಅದು. ಆ ಹೆಸರಿಟ್ಟವರು ಒಬ್ಬ ಆಯಿಲರ್ಸ್ ಅಭಿಮಾನಿ. ಕಾರ್ಸಿ ಅವರ ಮೀಸೆ ಇಷ್ಟವಾಯಿತು ಎಂಬುದೇ ಕಾರಣವಂತೆ. ಶೇ 50ಕ್ಕಿಂತ ಮೇಲಿದ್ದರೆ ಆಟ ಹೆಚ್ಚು ಹೊತ್ತು ಎದುರಾಳಿಯ ಕಡೆ ನಡೆಯಿತು ಎಂದು ತಿಳಿಯಬೇಕು.

ಎಲ್ಲ ಹೊಡೆತವೂ ಸಮ ಅಲ್ಲ ಎಂಬುದು ಕಾರ್ಸಿಯ ಕೊರತೆ. ಆಕ್ರಮಣದ ವಲಯ ಶುರುವಾಗುವ ನೀಲಿ ಗೆರೆಯಿಂದ ಹಾರಿಸಿದ್ದಕ್ಕೂ ಗೋಲಿನ ಬಾಯಲ್ಲಿ ತಳ್ಳಿದ್ದಕ್ಕೂ ಅದು ಒಂದೇ ಬೆಲೆ ಕಟ್ಟುತ್ತದೆ. ನಿರೀಕ್ಷಿತ ಗೋಲು ಎಂಬ ಅಳತೆ ಅದನ್ನು ತಿದ್ದುತ್ತದೆ. ದೂರ, ಕೋನ, ಹೊಡೆತದ ಬಗೆ, ಮರುಪುಟಿತವೋ ಅಲ್ಲವೋ ಎಂಬುದನ್ನೆಲ್ಲ ಹಾಕಿ ಪ್ರತಿ ಹೊಡೆತಕ್ಕೂ ಗೋಲಾಗುವ ಸಂಭವ ಲೆಕ್ಕ ಹಾಕುತ್ತಾರೆ. ಸಾರ್ವಜನಿಕವಾಗಿ ಸಿಗುವ ಲೆಕ್ಕಗಳಲ್ಲಿ ಹೊಡೆತಕ್ಕೆ ಮುಂಚಿನ ಪಾಸ್ ಸಾಮಾನ್ಯವಾಗಿ ಸರಿಯಾಗಿ ಸೇರಿರುವುದಿಲ್ಲ. ಅಡ್ಡಡ್ಡ ಪಾಸ್‌ನಿಂದ ಗೋಲಿಯನ್ನು ಓಡಾಡಿಸಿ ಹೊಡೆಸುವ ಮೆಕ್‌ಡೇವಿಡ್, ಡ್ರೈಸೈಟಲ್ ಅಂಥವರ ಬೆಲೆ ಅಲ್ಲಿ ತುಸು ಕಡಿಮೆ ಬರುವುದು ಅದಕ್ಕೇ.

ಮೊದಲಿನ 13 ಪಂದ್ಯಗಳಿಗೆ ಈಗ ವಾಪಸು ಹೋಗಿ. ಆಗಲೂ ಆಯಿಲರ್ಸ್ ಹೊಡೆತಗಳ ಪಾಲಿನಲ್ಲಿ, ನಿರೀಕ್ಷಿತ ಗೋಲಿನಲ್ಲಿ ಲೀಗ್‌ನ ಮೇಲಿನ ಸಾಲಿನಲ್ಲೇ ಇತ್ತು. ಗೋಲಿಗಳ ತಡೆಯುವಿಕೆ ಮಾತ್ರ ತಳ ಕಂಡಿತ್ತು. ಅದು ಮೇಲೇರಿತು, ಗೆಲುವು ಬಂತು. ವುಡ್‌ಕ್ರಾಫ್ಟ್ ಅವರ ಕೆಲಸ ಹೋದದ್ದರಲ್ಲಿ ಅವರ ತಪ್ಪಿಗಿಂತ ಗೋಲಿಯ ಪ್ಯಾಡು ದಾಟಿಹೋದ ಪಕ್‌ಗಳ ಪಾಲು ಹೆಚ್ಚು.

ಡಿಫೆನ್ಸ್: ಜೋಡಿಯನ್ನು ನೋಡಿ, ಒಬ್ಬನನ್ನಲ್ಲ

2023ರ ಫೆಬ್ರವರಿ 28ರಂದು ಎಕ್‌ಹೋಮ್ ನ್ಯಾಶ್‌ವಿಲ್‌ನಿಂದ ಎಡ್ಮಂಟನ್‌ಗೆ ಬಂದರು. ಬದಲಿಗೆ ಹೋದವರಲ್ಲಿ ಟೈಸನ್ ಬ್ಯಾರಿ ಒಬ್ಬರು. ಬ್ಯಾರಿ ಮೊದಲ ಪವರ್ ಪ್ಲೇಯ ಮೇಲ್ತುದಿಯಲ್ಲಿ ನಿಲ್ಲುತ್ತಿದ್ದವರು. ಆ ಜಾಗ ಬೂಶಾರ್ಡ್ ಪಾಲಾಯಿತು. ಒಂದೇ ವ್ಯವಹಾರದಲ್ಲಿ ಬೂಶಾರ್ಡ್‌ಗೆ ಒಳ್ಳೆಯ ಜೊತೆಗಾರನೂ ಸಿಕ್ಕಿದ, ದೊಡ್ಡ ಕೆಲಸವೂ ಸಿಕ್ಕಿತು. 2022-23ರಲ್ಲಿ 40 ಪಾಯಿಂಟ್ ಇದ್ದದ್ದು ಮರುವರ್ಷ 82 ಆಯಿತು. ಲೀಗ್‌ನ ಡಿಫೆನ್ಸ್‌ನವರಲ್ಲಿ ನಾಲ್ಕನೇ ಸ್ಥಾನ. 2024ರ ಪ್ಲೇಆಫ್‌ನ 25 ಪಂದ್ಯಗಳಲ್ಲಿ 32.

ಈ ಜೋಡಿಯ ಕೆಲಸವನ್ನು ಹತ್ತಿರದಿಂದ ನೋಡುವುದಾದರೆ ಗೋಲಿನ ಕಡೆ ಬಿಟ್ಟು ಅವರ ಹಿಂಬದಿಯ ಮೂಲೆಗೆ ಕಣ್ಣು ಹಾಕಬೇಕು. ಎದುರಾಳಿ ಎಡಮೂಲೆಗೆ ಪಕ್ ಎಸೆಯುತ್ತಾನೆ. ಎಕ್‌ಹೋಮ್ ತಿರುಗಿ ಓಡುತ್ತಾರೆ. ಪಕ್ ತಲುಪುವುದರೊಳಗೆ ಎರಡು ಬಾರಿ ಹೆಗಲ ಮೇಲಿಂದ ಹಿಂದೆ ನೋಡುತ್ತಾರೆ. ಬೆನ್ನಟ್ಟಿ ಬರುತ್ತಿರುವವನು ಯಾವ ಕಡೆಯಿಂದ, ಅವನ ಸ್ಟಿಕ್ ಯಾವ ದಾರಿ ಮುಚ್ಚಿದೆ, ಎರಡನೆಯವನು ಎಲ್ಲಿ ಎಂಬುದು ಆ ಎರಡು ನೋಟದಲ್ಲಿ ಗೊತ್ತಾಗಬೇಕು. ಪಕ್ ಸಿಕ್ಕ ತಕ್ಷಣ ಗೋಲಿನ ಹಿಂದಿನಿಂದ ಬಲಕ್ಕೆ ತಳ್ಳುತ್ತಾರೆ. ಬೂಶಾರ್ಡ್ ಬಲಗೈ ಆಟಗಾರ. ಬಲಬದಿಯಲ್ಲಿ ನಿಂತಾಗ ಎಡದಿಂದ ಬರುವ ಪಾಸ್ ನೇರ ಫೋರ್‌ಹ್ಯಾಂಡಿಗೆ ಬೀಳುತ್ತದೆ, ಕಣ್ಣು ಅಂಕಣದ ಮಧ್ಯಕ್ಕೆ ತೆರೆದಿರುತ್ತದೆ. ಅದೇ ಜಾಗದಲ್ಲಿ ಎಡಗೈಯವನಿದ್ದರೆ ಬ್ಯಾಕ್‌ಹ್ಯಾಂಡಿನಲ್ಲಿ ಹಿಡಿದು ಪಕ್ ಹೊರಳಿಸಿಕೊಳ್ಳಬೇಕು. ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಬೂಶಾರ್ಡ್ ತಲೆ ಎತ್ತಿ ಎರಡು ನೀಲಿ ಗೆರೆಗಳ ನಡುವೆ ವೇಗ ಹಿಡಿದ ಮೆಕ್‌ಡೇವಿಡ್‌ಗೆ ಉದ್ದನೆಯ ಪಾಸ್ ಕೊಡುತ್ತಾರೆ. ಮೂಲೆಯಿಂದ ಇಲ್ಲಿಗೆ ಎರಡು ಮೂರು ಸೆಕೆಂಡಿನ ಕೆಲಸ. ಇಲ್ಲಿ ಅರ್ಧ ಸೆಕೆಂಡು ತಡವಾದರೆ ಮೆಕ್‌ಡೇವಿಡ್ ನಿಂತು ಕಾಯಬೇಕಾಗುತ್ತದೆ. ನಿಂತ ಮೆಕ್‌ಡೇವಿಡ್ ಅರ್ಧ ಮೆಕ್‌ಡೇವಿಡ್.

ಎಲ್ಲಿ ಕೆಡುತ್ತದೆ? ಎದುರಾಳಿ ಒಂದು ಸ್ಟಿಕ್‌ನಳತೆಗೆ ಬಂದಾಗ ಬೂಶಾರ್ಡ್ ಗೋಡೆಗೆ ಬಡಿದು ಸುರಕ್ಷಿತವಾಗಿ ಹೊರಹಾಕುವ ಬದಲು ಮಧ್ಯಕ್ಕೇ ಪಾಸ್ ಹುಡುಕುತ್ತಾರೆ. ಅದು ತಡೆಯಾದರೆ ಪಕ್ ನೇರ ಗೋಲಿಯ ಎದುರು ಎದುರಾಳಿಯ ಸ್ಟಿಕ್ಕಿನಲ್ಲಿ. ನೋಡುವವರ ಮನಸ್ಸಿನಲ್ಲಿ ಉಳಿಯುವುದು ಅದೊಂದೇ, ಅದೇ ಪಂದ್ಯದಲ್ಲಿ ಶುದ್ಧವಾಗಿ ಹೊರತಂದ ಇಪ್ಪತ್ತು ಯಾರಿಗೂ ನೆನಪಿರುವುದಿಲ್ಲ. ಆ ಧೈರ್ಯವನ್ನು ಕಿತ್ತುಹಾಕಿದರೆ 82 ಪಾಯಿಂಟೂ ಹೋಗುತ್ತದೆ. ಅವರ ಪಕ್ಕದಲ್ಲಿ ಎಕ್‌ಹೋಮ್ ಥರದವರು ಯಾಕೆ ಬೇಕು ಎಂಬುದಕ್ಕೂ ಇದೇ ಉತ್ತರ.

ಡಿಫೆನ್ಸ್‌ನವರನ್ನು ತೂಗುವಾಗ ಎರಡನೇ ಅವಧಿಯನ್ನು ವಿಶೇಷವಾಗಿ ನೋಡಬೇಕು. ಆಗ ತಂಡಗಳು ಕಡೆ ಬದಲಿಸಿರುತ್ತವೆ, ಬೆಂಚು ತಮ್ಮ ಗೋಲಿನಿಂದ ದೂರ ಬೀಳುತ್ತದೆ. ಸುಸ್ತಾದರೂ ಓಡಿಹೋಗಿ ಬದಲಾಗುವಂತಿಲ್ಲ. ಗಾಬರಿಯಲ್ಲಿ ಪಕ್ ಅಂಕಣದುದ್ದಕ್ಕೂ ಎಸೆದರೆ ಐಸಿಂಗ್ ಎಂಬ ತಪ್ಪು, ಐಸಿಂಗ್ ಆದರೆ ಅದೇ ಐವರು ನಿಂತಿರಬೇಕು, ಬದಲಾವಣೆ ಇಲ್ಲ. ನಿಧಾನಗತಿಯ ಡಿಫೆನ್ಸ್‌ನವನ ಬಂಡವಾಳ ಬಯಲಾಗುವುದು ಇಲ್ಲಿಯೇ.

ನರ್ಸ್ ಮತ್ತು ದುಡ್ಡಿನ ಗಡಿ

ಡಾರ್ನೆಲ್ ನರ್ಸ್ ಹೆಸರೆತ್ತಿದರೆ ಆಯಿಲರ್ಸ್ ಅಭಿಮಾನಿಗಳ ದನಿ ಏರುತ್ತದೆ. ವರ್ಷಕ್ಕೆ 92.5 ಲಕ್ಷ ಡಾಲರ್, 2029-30ರವರೆಗೆ. ಎನ್‌ಎಚ್‌ಎಲ್‌ನಲ್ಲಿ ತಂಡದ ಒಟ್ಟು ಸಂಬಳಕ್ಕೆ ಕಟ್ಟುನಿಟ್ಟಿನ ಮಿತಿಯಿದೆ. 2023-24ರಲ್ಲಿ ಅದು 8.35 ಕೋಟಿ ಡಾಲರ್. ಈ ಮಿತಿಯಲ್ಲಿ ಮೆಕ್‌ಡೇವಿಡ್ (1.25 ಕೋಟಿ) ಸುಮಾರು ಶೇ 15, ನರ್ಸ್ ಶೇ 11, ಡ್ರೈಸೈಟಲ್ (85 ಲಕ್ಷ) ಶೇ 10, ಬೂಶಾರ್ಡ್ (39 ಲಕ್ಷ) ಶೇ 5ಕ್ಕೂ ಕಡಿಮೆ. ಆ ಋತುವಿನಲ್ಲಿ 106 ಪಾಯಿಂಟಿನ ಡ್ರೈಸೈಟಲ್‌ಗಿಂತ 32 ಪಾಯಿಂಟಿನ ನರ್ಸ್ ದುಬಾರಿಯಾಗಿದ್ದರು ಎಂದಾಗ ಸಿಟ್ಟು ಬರುವುದು ಸಹಜ.

ಆದರೆ ಎರಡು ಪ್ರಶ್ನೆಗಳನ್ನು ಬೇರೆ ಮಾಡಬೇಕು. ನರ್ಸ್ ಒಳ್ಳೆಯ ಆಟಗಾರರೇ ಎಂಬುದು ಒಂದು. ಆ ದುಡ್ಡಿಗೆ ತಕ್ಕವರೇ ಎಂಬುದು ಇನ್ನೊಂದು. ಅವರದು ಒಳ್ಳೆಯ ಕಾಲು, ದೊಡ್ಡ ಮೈ, ದಿನವೂ ಎರಡನೇ ಜೋಡಿಯ ಭಾರ ಹೊರುವ ತಾಕತ್ತು. ದೌರ್ಬಲ್ಯ ಇರುವುದು ಗೋಲಿನ ಎದುರು ಜಾಗ ಬಿಟ್ಟು ಪಕ್‌ನ ಹಿಂದೆ ಹೋಗುವುದರಲ್ಲಿ. ಕೋಡಿ ಸೀಸಿ ಅವರೊಂದಿಗಿನ ಜೋಡಿ 2024ರ ಪ್ಲೇಆಫ್‌ನಲ್ಲಿ ಎಷ್ಟು ಪೆಟ್ಟು ತಿಂದಿತೆಂದರೆ ಡಲಾಸ್ ಸರಣಿಯಲ್ಲಿ ಕೋಚ್ ಅದನ್ನು ಒಡೆಯಬೇಕಾಯಿತು. ಇದೆಲ್ಲ ಸೇರಿಸಿದರೂ ನರ್ಸ್ ಮೂರು ಜೋಡಿಗಳಲ್ಲಿ ಎರಡನೆಯದಕ್ಕೆ ಒಪ್ಪುವ ಆಟಗಾರ, ಮೊದಲ ಜೋಡಿಯ ಸಂಬಳದಲ್ಲಿ. 2021ರ ಬೇಸಿಗೆಯಲ್ಲಿ ಕರಾರಾದಾಗ ಮಾರುಕಟ್ಟೆಯೇ ಹಾಗಿತ್ತು, ಸೇತ್ ಜೋನ್ಸ್ ಶಿಕಾಗೊದಿಂದ 95 ಲಕ್ಷ ಪಡೆದದ್ದು ಅದೇ ಬೇಸಿಗೆಯಲ್ಲಿ. ಸಹಿ ಹಾಕಿಸಿದವರ ತಪ್ಪನ್ನು ಪ್ರತಿ ಶಿಫ್ಟ್‌ನಲ್ಲೂ ಆಟಗಾರನ ಮೇಲೆ ಹಾಕುವುದು ಅಳತೆಯಲ್ಲ, ಬರೀ ಬೈಗುಳ.

ಪಾಯಿಂಟ್ ಮಾಡದವರ ಬೆಲೆ

ಕಾನರ್ ಬ್ರೌನ್ ಮೊಣಕಾಲಿನ ಗಾಯದಿಂದ ಎದ್ದು ಬಂದವರು. 7.75 ಲಕ್ಷ ಡಾಲರ್ ಮೂಲ ಸಂಬಳ, 10 ಪಂದ್ಯ ಆಡಿದರೆ 32.25 ಲಕ್ಷ ಬೋನಸ್ ಎಂದು ಕರಾರು. ಮಾರ್ಚ್‌ವರೆಗೂ ಒಂದೂ ಗೋಲಿಲ್ಲ. ಋತು ಮುಗಿದಾಗ 71 ಪಂದ್ಯಕ್ಕೆ 4 ಗೋಲು, 8 ಅಸಿಸ್ಟ್. ಬೋನಸ್‌ನ ಭಾರ ಮುಂದಿನ ವರ್ಷದ ಮಿತಿಯ ಮೇಲೆ ಬಿತ್ತು. ಹಣದ ದೃಷ್ಟಿಯಿಂದ ಕೆಟ್ಟ ವ್ಯವಹಾರ ಎನ್ನಲು ಅಡ್ಡಿಯಿಲ್ಲ.

ಪ್ಲೇಆಫ್ ಬಂತು. ಬ್ರೌನ್ ಮತ್ತು ಮತಿಯಾಸ್ ಯಾನ್‌ಮಾರ್ಕ್ ಪೆನಾಲ್ಟಿ ಕಿಲ್‌ನಲ್ಲಿ ಒಟ್ಟಿಗೆ ಇಳಿದರು. ನಾಲ್ವರು ಐವರನ್ನು ತಡೆಯುವಾಗ ಮುಂದಿನ ಇಬ್ಬರ ಕೆಲಸ ಪಕ್ ಇದ್ದವನ ಕಡೆ ಸುಮ್ಮನೆ ನುಗ್ಗುವುದಲ್ಲ. ಸ್ಟಿಕ್‌ನಿಂದ ಅಡ್ಡ ಪಾಸಿನ ದಾರಿ ಮುಚ್ಚಿ, ಮೈಯಿಂದ ಹೊಡೆತದ ದಾರಿ ಮುಚ್ಚಿ, ಪಕ್ ಎಲ್ಲಿ ನಿರಪಾಯವೋ ಆ ಕಡೆಗೇ ಹೋಗುವಂತೆ ಮಾಡುವುದು. ಎದುರಾಳಿ ಪಕ್ ಹಿಡಿಯುವಾಗ ತಡಬಡಾಯಿಸಿದ ಕ್ಷಣ ಮಾತ್ರ ಮುನ್ನುಗ್ಗಬೇಕು. ಫೈನಲ್‌ನ ನಾಲ್ಕನೇ ಪಂದ್ಯದಲ್ಲಿ ಯಾನ್‌ಮಾರ್ಕ್, ಐದನೆಯದರಲ್ಲಿ ಬ್ರೌನ್, ಇಬ್ಬರೂ ಒಬ್ಬ ಕಡಿಮೆಯಿದ್ದಾಗಲೇ ಗೋಲು ಹೊಡೆದರು. ಮೊದಲ ಮೂರೂ ಸೋತಿದ್ದ ತಂಡ ಆ ಎರಡೂ ಪಂದ್ಯ ಗೆದ್ದಿತು.

ಇನ್ನು ಡಿಲನ್ ಹಾಲೋವೇ. ಎಡ್ಮಂಟನ್‌ನಲ್ಲಿ ಹೆಚ್ಚಾಗಿ ಕೆಳಗಿನ ಲೈನ್‌ಗಳಲ್ಲಿ ಅಲ್ಪಸ್ವಲ್ಪ ಹೊತ್ತು ಸಿಗುತ್ತಿತ್ತು. 2024ರ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ಅವರ ಮೇಲೆ 22.9 ಲಕ್ಷ ಡಾಲರ್‌ನ, ಫಿಲಿಪ್ ಬ್ರೋಬರ್ಗ್ ಮೇಲೆ 45.8 ಲಕ್ಷದ ಬೆಲೆ ಇಟ್ಟಿತು. ಆಯಿಲರ್ಸ್ ಅಷ್ಟು ಕೊಡಲಿಲ್ಲ, ಇಬ್ಬರೂ ಹೋದರು. ಮೊದಲ ವರ್ಷವೇ ಹಾಲೋವೇ 26 ಗೋಲು, 37 ಅಸಿಸ್ಟ್ ಮಾಡಿದರು. ಕೆಳಗಿನ ಲೈನ್‌ನಲ್ಲಿ ಕೂತ ಹುಡುಗನ ಮೊತ್ತ ನೋಡಿ ಇವನಿಂದ ಆಗದು ಎಂದುಬಿಡುವುದು ಎಷ್ಟು ದುಬಾರಿ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಗೋಲಿ

ಎಲ್ಲರಿಗಿಂತ ಅಳೆಯಲು ಕಷ್ಟವಾದವನು ಗೋಲಿ. ಗುರಿಗೆ ಬಂದದ್ದರಲ್ಲಿ ತಡೆದದ್ದು ಶೇಕಡಾ ಎಷ್ಟು ಎಂಬುದೇ ವಾಡಿಕೆಯ ಅಳತೆ. 2023-24ರಲ್ಲಿ ಲೀಗ್‌ನ ಸರಾಸರಿ ಶೇ 90ಕ್ಕಿಂತ ತುಸು ಮೇಲಿತ್ತು. ಸ್ಟುವರ್ಟ್ ಸ್ಕಿನ್ನರ್ 59 ಪಂದ್ಯಗಳಲ್ಲಿ 36 ಗೆದ್ದು ಶೇ 90.5 ತಡೆದರು, ಸಂಬಳ 26 ಲಕ್ಷ ಡಾಲರ್. ಅವರಿಗಿಂತ ದುಬಾರಿಯಾದ ಜಾಕ್ ಕ್ಯಾಂಪ್‌ಬೆಲ್, ವರ್ಷಕ್ಕೆ 50 ಲಕ್ಷದವರು, 5 ಪಂದ್ಯಗಳಲ್ಲಿ ಶೇ 87.3ಕ್ಕೆ ಇಳಿದು ನವೆಂಬರ್‌ನಲ್ಲೇ ಬೇಕರ್ಸ್‌ಫೀಲ್ಡ್‌ನ ಕಿರಿಯ ತಂಡಕ್ಕೆ ಹೋದರು. ಮರುಬೇಸಿಗೆಯಲ್ಲಿ ಅವರ ಕರಾರನ್ನೇ ದುಡ್ಡು ಕೊಟ್ಟು ಮುರಿದರು.

87 ಮತ್ತು 90.5ರ ನಡುವೆ ಏನು ಮಹಾ ಎನಿಸಬಹುದು. ಪಂದ್ಯಕ್ಕೆ 30 ಹೊಡೆತ ಬಂದರೆ ಮೊದಲನೆಯವನು ಸುಮಾರು 3.9 ಗೋಲು ಬಿಡುತ್ತಾನೆ, ಎರಡನೆಯವನು 2.85. ಪಂದ್ಯಕ್ಕೆ ಒಂದು ಗೋಲು. 82 ಪಂದ್ಯದ ಋತುವಿನಲ್ಲಿ ಅದು ಪ್ಲೇಆಫ್ ಮತ್ತು ಮನೆಯ ನಡುವಿನ ಅಂತರ.

ಈ ಶೇಕಡಾದ ದೋಷವೆಂದರೆ ಹೊಡೆತ ಎಷ್ಟು ಕಠಿಣ ಎಂದು ಅದಕ್ಕೆ ಗೊತ್ತಿಲ್ಲ. ಅದಕ್ಕಾಗಿ ಬಂದ ಹೊಡೆತಗಳ ನಿರೀಕ್ಷಿತ ಗೋಲಿನಿಂದ ನಿಜವಾಗಿ ಬಿಟ್ಟ ಗೋಲು ಕಳೆದು ನೋಡುತ್ತಾರೆ. ಉಳಿದದ್ದು ಧನವಾದರೆ ಗೋಲಿ ತಂಡವನ್ನು ಕಾಪಾಡಿದ. 2024ರ ಪ್ಲೇಆಫ್‌ನಲ್ಲಿ ಸ್ಕಿನ್ನರ್ ಅವರ ಎರಡೂ ಮುಖ ಕಂಡವು. ವ್ಯಾಂಕೂವರ್ ಎದುರು ನಾಲ್ಕು ಮತ್ತು ಐದನೇ ಪಂದ್ಯಕ್ಕೆ ಅವರನ್ನು ಕೂರಿಸಿ ಕ್ಯಾಲ್ವಿನ್ ಪಿಕಾರ್ಡ್ ಅವರನ್ನು ಇಳಿಸಬೇಕಾಯಿತು. ಮುಂದಿನ ಸರಣಿಯ ಆರನೇ ಪಂದ್ಯದಲ್ಲಿ ಡಲಾಸ್ 35 ಬಾರಿ ಗುರಿಗೆ ಹೊಡೆಯಿತು, ಎಡ್ಮಂಟನ್ ಬರೀ 10. ಗೆದ್ದದ್ದು ಎಡ್ಮಂಟನ್, 2-1. ಎರಡೂ ಗೋಲು ಪವರ್ ಪ್ಲೇಯಲ್ಲಿ, ಮೆಕ್‌ಡೇವಿಡ್ ಮತ್ತು ಹೈಮನ್ ಅವರಿಂದ. ಉಳಿದದ್ದೆಲ್ಲ ಸ್ಕಿನ್ನರ್. ಒಂದು ತಿಂಗಳೊಳಗೆ ಎರಡು ಬೇರೆ ಗೋಲಿಗಳಂತೆ ಆಡುವವನನ್ನು ಸರಾಸರಿಯವನು ಎಂದರೆ ಲೆಕ್ಕ ಸರಿ, ಕೋಚ್‌ಗೆ ನಿದ್ದೆ ಮಾತ್ರ ಬರುವುದಿಲ್ಲ.

ಇಬ್ಬರು ದೊಡ್ಡವರು

ಮೆಕ್‌ಡೇವಿಡ್ ಅವರಿಗೆ 2023-24ರಲ್ಲಿ 132 ಪಾಯಿಂಟ್, ಅದರಲ್ಲಿ 100 ಅಸಿಸ್ಟ್. ಪ್ಲೇಆಫ್‌ನಲ್ಲಿ 34 ಅಸಿಸ್ಟ್, 1988ರ ವೇಯ್ನ್ ಗ್ರೆಟ್ಸ್‌ಕಿ ದಾಖಲೆ 31 ಮುರಿಯಿತು. ಸೋತ ತಂಡದಲ್ಲಿದ್ದೂ ಪ್ಲೇಆಫ್‌ನ ಶ್ರೇಷ್ಠ ಆಟಗಾರನ ಕಾನ್ ಸ್ಮೈತ್ ಪ್ರಶಸ್ತಿ ಸಿಕ್ಕಿತು. ಗೋಲಿಗಳನ್ನು ಬಿಟ್ಟರೆ 1976ರ ರೆಗ್ಗಿ ಲೀಚ್ ನಂತರ ಅದು ಯಾರಿಗೂ ಸಿಕ್ಕಿರಲಿಲ್ಲ. ಫೈನಲ್‌ನ ನಾಲ್ಕು, ಐದನೇ ಪಂದ್ಯಗಳಲ್ಲಿ ತಲಾ 4 ಪಾಯಿಂಟ್. ಆರು ಮತ್ತು ಏಳರಲ್ಲಿ ಸೊನ್ನೆ. ಫ್ಲಾರಿಡಾ ನಾಯಕ ಅಲೆಕ್ಸಾಂಡರ್ ಬಾರ್ಕೋವ್ ಮತ್ತು ಡಿಫೆನ್ಸ್‌ನ ಗುಸ್ತಾವ್ ಫೋರ್ಸ್‌ಲಿಂಗ್ ಮೆಕ್‌ಡೇವಿಡ್‌ಗೆ ನೆರಳಿನಂತೆ ಅಂಟಿಕೊಂಡಿದ್ದರು. ಆದರೂ ಆರನೇ ಪಂದ್ಯವನ್ನು ಎಡ್ಮಂಟನ್ 5-1ರಿಂದ ಗೆದ್ದಿತು. ಫೋಗಲ್, ಹೆನ್ರಿಕ್, ಹೈಮನ್, ಮೆಕ್‌ಲಿಯೋಡ್, ನರ್ಸ್ ಗೋಲು ಹೊಡೆದರು. ಎದುರಾಳಿಯ ಅತ್ಯುತ್ತಮರನ್ನೆಲ್ಲ ತನ್ನ ಮೇಲೆ ಎಳೆದುಕೊಂಡು ಉಳಿದವರಿಗೆ ಬಯಲು ಮಾಡಿಕೊಟ್ಟದ್ದಕ್ಕೆ ಯಾವ ಖಾತೆಯಲ್ಲೂ ಅಂಕವಿಲ್ಲ.

ಡ್ರೈಸೈಟಲ್ ಅವರ ನಿಜವಾದ ಬೆಲೆ ಅವರು ಮೆಕ್‌ಡೇವಿಡ್ ಜೊತೆಗಿಲ್ಲದಾಗ ಗೊತ್ತಾಗುತ್ತದೆ. ಸ್ಥಿರವಾದ ವಿಂಗರ್ ಇಲ್ಲದೆ ಎರಡನೇ ಲೈನ್ ನಡೆಸಿ, ಬ್ಯಾಕ್‌ಹ್ಯಾಂಡಿನಲ್ಲಿ ಬೇರೆಯವರು ಫೋರ್‌ಹ್ಯಾಂಡಿನಲ್ಲೂ ಕೊಡಲಾಗದ ಪಾಸ್ ಕೊಡುತ್ತಾರೆ. ಫೈನಲ್‌ನಲ್ಲಿ ಬೆರಳು, ಪಕ್ಕೆಲುಬಿನ ಗಾಯದೊಂದಿಗೆ ಆಡಿ ಏಳು ಪಂದ್ಯಗಳಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಗಾಯದ ವಿಷಯವನ್ನು ತಂಡಗಳು ಪ್ಲೇಆಫ್ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ. ಮೇ-ಜೂನ್‌ನ ಕಳಪೆ ಆಟದ ಬಗ್ಗೆ ಜುಲೈಗೆ ಮುಂಚೆ ತೀರ್ಪು ಕೊಡದಿರುವುದು ಕ್ಷೇಮ.

ಒಬ್ಬನನ್ನೇ ನೋಡುವ ಕ್ರಮ

ಅಂಕಿಗಳ ಜೊತೆ ಕಣ್ಣೂ ಬೇಕು. ಟಿವಿಯ ಕ್ಯಾಮೆರಾ ಪಕ್‌ನ ಹಿಂದೆ ಹೋಗುತ್ತದೆ, ಪಕ್ ಇಲ್ಲದವನ ಆಟ ಚೌಕಟ್ಟಿನಾಚೆ. ಆದ್ದರಿಂದ ಒಂದು ಅವಧಿ, ಅಂದರೆ 20 ನಿಮಿಷ, ಒಬ್ಬನನ್ನೇ ಆಯ್ದುಕೊಳ್ಳಿ. ಅವನಿಗೆ ಆರೇಳು ಶಿಫ್ಟ್ ಸಿಗುತ್ತದೆ. ಡಿಫೆನ್ಸ್‌ನವನಾದರೆ ಪ್ರತಿ ಬಾರಿ ಪಕ್ ಸಿಕ್ಕಾಗ ಪಾಸ್‌ನಿಂದ ಹೊರತಂದನೋ, ಗೋಡೆಗೆ ಬಡಿದನೋ, ಕಳೆದುಕೊಂಡನೋ ಎಂದು ಮೂರು ಗೀಟು ಹಾಕಿ. ಎದುರಾಳಿ ನೀಲಿ ಗೆರೆ ದಾಟುವಾಗ ಅವನು ಎಷ್ಟು ದೂರದಲ್ಲಿದ್ದ ಎಂದೂ ಬರೆಯಿರಿ. ಒಂದು ಸ್ಟಿಕ್‌ನಳತೆ ಒಳ್ಳೆಯದು, ಮೂರು ಎಂದರೆ ಅವನು ಹೆದರಿ ಹಿಂದೆ ಸರಿದಿದ್ದಾನೆ. ಫಾರ್ವರ್ಡ್ ಆದರೆ ಪಕ್ ಕಳೆದುಕೊಂಡ ಮರುಕ್ಷಣದ ಮೊದಲ ಮೂರು ಹೆಜ್ಜೆ ನೋಡಿ. ತಿರುಗಿ ಓಡಿದನೋ, ಕೈ ಚೆಲ್ಲಿ ಜಾರುತ್ತ ಬಂದನೋ. ಶಿಫ್ಟ್ ಯಾವಾಗ ಮುಗಿಸಿದ ಎಂಬುದಕ್ಕೂ ಗಡಿಯಾರ ಇಡಿ, ಒಂದು ನಿಮಿಷ ದಾಟಿಸುವ ಚಾಳಿಯಿದ್ದವನು ಜೊತೆಗಾರರ ಹೊತ್ತು ತಿನ್ನುತ್ತಾನೆ. ಐದಾರು ಪಂದ್ಯ ಹೀಗೆ ಬರೆದರೆ ಅವನ ಅಂಕಿಗಳು ಯಾಕೆ ಹಾಗಿವೆ ಎಂದು ಗೊತ್ತಾಗತೊಡಗುತ್ತದೆ.

ಏಳನೇ ಪಂದ್ಯದಲ್ಲಿ ಎಡ್ಮಂಟನ್ ಹೊಡೆದ ಒಂದೇ ಗೋಲನ್ನು ಹೀಗೆ ಬರೆದಿಟ್ಟರೆ ಸಿಗುವ ಹೆಸರುಗಳು ಇವು. ಉದ್ದನೆಯ ಪಾಸ್ ಕೊಟ್ಟು ಡಿಫೆನ್ಸ್ ಸೀಳಿದವರು ಪ್ಲೇಆಫ್ ಉದ್ದಕ್ಕೂ ಬೈಗುಳ ತಿಂದ ಕೋಡಿ ಸೀಸಿ. ಒಬ್ಬಂಟಿಯಾಗಿ ನುಗ್ಗಿ ಒಳಗೆ ಹಾಕಿದವರು ಕೆಳಗಿನ ಲೈನ್‌ನ ಯಾನ್‌ಮಾರ್ಕ್.